ಪಟ್ಟಿಯಲ್ಲಿ ಎಷ್ಟನೆಯವನು? ಬೇಸ್‌ಬಾಲ್‌ನ ಎಳೆಯ ಆಟಗಾರರಿಗೆ ಅಂಕೆ ಬಿದ್ದ ಬಗೆ

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಜನವರಿ, ಫೆಬ್ರುವರಿ ಎಂದರೆ ಪಟ್ಟಿಗಳ ಕಾಲ. ಉತ್ತರದ ಊರುಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ಅಷ್ಟರಲ್ಲೇ ಆ ವರ್ಷದ ನೂರು ಮಂದಿ ಭರವಸೆಯ ಆಟಗಾರರು ಯಾರು, ಅವರಲ್ಲಿ ಯಾರು ಎಷ್ಟನೆಯವರು ಎಂದು ಸಾರುವ ಪಟ್ಟಿಗಳು ಒಂದರ ಬೆನ್ನಿಗೆ ಒಂದು ಹೊರಬೀಳುತ್ತವೆ. ಬೇಸ್‌ಬಾಲ್ ಅಮೆರಿಕ ಪತ್ರಿಕೆಯದು ಒಂದು, ಅತ್ಯುನ್ನತ ಹಂತದ ಮೇಜರ್ ಲೀಗ್ ತಾನೇ ನಡೆಸುವ ಎಂಎಲ್‌ಬಿ ಪೈಪ್‌ಲೈನ್‌ನದು ಇನ್ನೊಂದು, ಇಎಸ್‌ಪಿಎನ್‌ನದು ಮತ್ತೊಂದು, ಫ್ಯಾನ್‌ಗ್ರಾಫ್ಸ್ ಜಾಲತಾಣದ್ದು ಮಗದೊಂದು. ಒಂದು ಪಟ್ಟಿಯಲ್ಲಿ ಮೊದಲ ಇಪ್ಪತ್ತರೊಳಗೆ ಇರುವ ಹುಡುಗ ಇನ್ನೊಂದರಲ್ಲಿ ಅರವತ್ತರ ಆಚೆ ಇರಬಹುದು. ಮೂರನೆಯದರಲ್ಲಿ ಅವನ ಹೆಸರೇ ಇಲ್ಲದಿರಬಹುದು. ಇದು ಓದುಗರ ಚರ್ಚೆಯ ಸರಕಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ 2022ರಿಂದ ಈ ಪಟ್ಟಿಗಳಿಗೆ ಮಾಲೀಕರು ಮತ್ತು ಆಟಗಾರರ ನಡುವಿನ ಒಪ್ಪಂದದಲ್ಲೇ ಜಾಗ ಸಿಕ್ಕಿದೆ. ಪತ್ರಕರ್ತರು ಕೊಡುವ ಅಂಕೆ ಒಂದು ತಂಡಕ್ಕೆ ಲಾಭ ತರಬಲ್ಲದು, ಒಬ್ಬ ಹುಡುಗನ ಕರೆಯನ್ನು ಹಿಂದೆ ಮುಂದೆ ಮಾಡಬಲ್ಲದು. ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಹುಡುಗರು ಆಡುವುದು ಮೈನರ್ ಲೀಗ್‌ಗಳಲ್ಲಿ. ಕ್ರಿಕೆಟ್ ನೋಡಿ ಬೆಳೆದವರು ಮೈನರ್ ಲೀಗ್ ಎಂದರೆ ನಮ್ಮ ರಣಜಿ ಟ್ರೋಫಿಯಂತೆ ಎಂದುಕೊಳ್ಳುವುದುಂಟು. ಅದು ಹಾಗಲ್ಲ. ರಣಜಿ ತಂಡ ರಾಜ್ಯ ಸಂಸ್ಥೆಯದು, ಅದಕ್ಕೆ ತನ್ನದೇ ಗೆಲುವು ಸೋಲುಗಳಿವೆ, ತನ್ನದೇ ಮಾನವಿದೆ. ಮೈನರ್ ಲೀಗ್ ತಂಡ ಮೇಲಿನ ತಂಡಕ್ಕಾಗಿ ಆಟಗಾರರನ್ನು ಬೆಳೆಸುವ ಮಡಿ. ಅಲ್ಲಿ ಆಡುವ ಹುಡುಗರ ಕರಾರು ಮೇಲಿನ ತಂಡದ ಕೈಯಲ್ಲಿರುತ್ತದೆ. ಇವತ್ತು ಮೇಜರ್ ಲೀಗ್‌ನ 30 ತಂಡಗಳಿಗೂ ತಲಾ ನಾಲ್ಕು ಮೆಟ್ಟಿಲುಗಳಂತೆ 120 ಮೈನರ್ ತಂಡಗಳಿವೆ; ಕೆಳಗಿನಿಂದ ಮೇಲಕ್ಕೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂದು ಆ ಮೆಟ್ಟಿಲುಗಳ ಹೆಸರು. ಅವಕ್ಕೂ ಕೆಳಗೆ ಫ್ಲೋರಿಡಾ, ಅರಿಜೋನಾ ಮತ್ತು ಡೊಮಿನಿಕನ್ ಗಣರಾಜ್ಯದ ತರಬೇತಿ ಶಿಬಿರಗಳ ಲೀಗ್‌ಗಳಿವೆ. ಹದಿನಾರರ ಹುಡುಗ ಕೆಳಗಿನ ಮೆಟ್ಟಿಲಿನಲ್ಲಿ ಕಾಲಿಟ್ಟರೆ ಮೇಲೆ ಮುಟ್ಟಲು ಐದಾರು ವರ್ಷ ಬೇಕು. ಹೆಚ್ಚಿನವರು ಮುಟ್ಟುವುದೇ ಇಲ್ಲ.

ಈ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಮೊದಲ ಹೆಸರು ಬ್ರಾಂಚ್ ರಿಕಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 1920ರ ದಶಕದಲ್ಲಿ ದೊಡ್ಡ ಆಟಗಾರರನ್ನು ಕೊಳ್ಳುವ ಹಣವಿರಲಿಲ್ಲ. ಆದ್ದರಿಂದ ರಿಕಿ ಸಣ್ಣ ಊರುಗಳ ತಂಡಗಳನ್ನೇ ತಮ್ಮ ತೆಕ್ಕೆಗೆ ತೆಗೆದುಕೊಂಡು, ನೂರಾರು ಹುಡುಗರನ್ನು ಸೇರಿಸಿ, ಅವರಲ್ಲಿ ಮೇಲೆದ್ದವರನ್ನು ಆರಿಸಿಕೊಂಡರು. ಅಮೆರಿಕನ್ನರು ಇದನ್ನು ಫಾರ್ಮ್, ಅಂದರೆ ಹೊಲ ಎಂದೇ ಕರೆದರು. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಇದು ಹುಡುಗರನ್ನು ಕೂಡಿಹಾಕುವ ಕೆಲಸ ಎಂದು ಕಂಡು, ಕಾರ್ಡಿನಲ್ಸ್‌ನ 70ಕ್ಕೂ ಹೆಚ್ಚು ಆಟಗಾರರನ್ನು ಕರಾರಿನಿಂದ ಬಿಡಿಸಿದರು. ಆದರೂ ಹೊಲ ಉಳಿಯಿತು. ಎಲ್ಲ ತಂಡಗಳೂ ಅದನ್ನೇ ಅನುಸರಿಸಿದವು.

1965ರಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ, ಬಂತು. ಅದಕ್ಕೆ ಮೊದಲು ಸ್ಕೌಟ್ ಎಂದರೆ ಊರೂರು ಸುತ್ತಿ, ಹುಡುಗನ ಮನೆಯ ಅಡುಗೆಮನೆಯಲ್ಲಿ ತಂದೆತಾಯಿಯರ ಎದುರು ಕುಳಿತು, ಸಹಿ ಹಾಕಿಸಿಕೊಂಡು ಬರುವವನು. ಡ್ರಾಫ್ಟ್ ಆದ ಮೇಲೆ ಹುಡುಗನ ಮೇಲಿನ ಹಕ್ಕು ಸರದಿಯ ಮೇಲೆ ತೀರ್ಮಾನವಾಗತೊಡಗಿತು. ಸ್ಕೌಟ್ ವರದಿ ಬರೆಯುವವನಾದ. 1974ರಲ್ಲಿ ಹಲವು ತಂಡಗಳು ಹಂಚಿಕೊಳ್ಳುವ ಸ್ಕೌಟಿಂಗ್ ಬ್ಯೂರೋ ಶುರುವಾಯಿತು. ಒಬ್ಬನ ಮಾತು ಇನ್ನೊಬ್ಬನಿಗೆ ಅರ್ಥವಾಗಬೇಕಾದರೆ ಎಲ್ಲರಿಗೂ ಒಂದೇ ಅಳತೆಗೋಲು ಬೇಕಲ್ಲವೇ? 20ರಿಂದ 80ರವರೆಗಿನ ಅಂಕೆಗಳು ಆ ಅಳತೆಗೋಲಾಗಿ ನೆಲೆನಿಂತವು.

ಈ ಅಳತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಅಲ್ಲಿಂದ ಹತ್ತು ಹತ್ತು ಅಂಕ ಮೇಲೇರಿದಂತೆ ಅಂಥವರು ವಿರಳವಾಗುತ್ತಾರೆ. 80 ಸಿಗುವುದು ತಲೆಮಾರಿಗೆ ಕೆಲವರಿಗೆ ಮಾತ್ರ. ಬ್ಯಾಟಿಗೆ ಚೆಂಡು ತಾಗಿಸುವ ಹದ, ಹೊಡೆತದ ಬಲ, ಓಟ, ಎಸೆತ, ಫೀಲ್ಡಿಂಗ್ ಎಂಬ ಐದಕ್ಕೂ ಬೇರೆ ಬೇರೆ ಅಂಕ ಬೀಳುತ್ತದೆ. ಪ್ರತಿಯೊಂದಕ್ಕೂ ಎರಡೆರಡು: ಇವತ್ತು ಎಷ್ಟು, ಮುಂದೆ ಎಷ್ಟು. ಬಲಗೈ ಬ್ಯಾಟುಗಾರ ಹೋಮ್ ಪ್ಲೇಟ್‌ನಿಂದ ಮೊದಲ ಬೇಸ್‌ವರೆಗಿನ ಸುಮಾರು 27 ಮೀಟರನ್ನು 4.3 ಸೆಕೆಂಡಿನ ಆಸುಪಾಸಿನಲ್ಲಿ ಓಡಿದರೆ ಓಟಕ್ಕೆ 50. ಓಟಕ್ಕೆ ಸ್ಟಾಪ್‌ವಾಚ್ ಇದೆ. 1970ರ ದಶಕದ ನಡುವಿನಿಂದ ಚೆಂಡಿನ ವೇಗಕ್ಕೆ ರಾಡಾರ್ ಗನ್ ಇದೆ. ‘ಮುಂದೆ ಎಷ್ಟು’ ಎಂಬುದಕ್ಕೆ ಮಾತ್ರ ಇಂದಿಗೂ ಯಂತ್ರವಿಲ್ಲ. ಅದು ಹುಡುಗನ ಹೆಗಲಿನ ಅಗಲ, ಅಪ್ಪನ ಎತ್ತರ, ಸೋತ ದಿನದ ಮುಖಚರ್ಯೆ ಎಲ್ಲವನ್ನೂ ನೋಡಿ ಅನುಭವಿಯೊಬ್ಬ ಆಡುವ ಮಾತು. ವರದಿಯ ಕೆಳಗೆ ನಾಲ್ಕು ಸಾಲು ಬರೆಯಲು ಜಾಗವಿರುತ್ತದೆ. ವರದಿಯ ಜೀವ ಆ ಸಾಲುಗಳಲ್ಲಿರುತ್ತದೆ ಎಂದು ನಾನು ನಂಬಿದ್ದೇನೆ.

ಅಂಕೆಯೊಂದನ್ನೇ ಹಿಡಿದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2008ರಲ್ಲಿ ಅಮೆರಿಕದ ಏಜೆಂಟರೊಬ್ಬರು ರಾಡಾರ್ ಗನ್ ಹಿಡಿದು ಭಾರತದಲ್ಲಿ ಎಸೆತದ ಸ್ಪರ್ಧೆ ನಡೆಸಿದರು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಪಟುಗಳು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಆ ವರ್ಷವೇ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಬೇಸ್‌ಬಾಲ್ ಚೆಂಡನ್ನೇ ಅದುವರೆಗೆ ಹಿಡಿಯದಿದ್ದ ರಿಂಕು ಸಿಂಗ್ ಸಿಂಗಲ್-ಎ ಮೆಟ್ಟಿಲಿನವರೆಗೆ ಏರಿದ್ದು ದೊಡ್ಡ ಸಾಧನೆ. ಆದರೆ ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ.

1980ರ ದಶಕದ ಆರಂಭದವರೆಗೆ ಈ ವರದಿಗಳೆಲ್ಲ ತಂಡಗಳ ಕಪಾಟಿನಲ್ಲಿದ್ದವು. ಒಮಾಹಾದಲ್ಲೋ ಟೊಲೀಡೊದಲ್ಲೋ ಆಡುತ್ತಿರುವ ಹುಡುಗ ಯಾರು ಎಂಬುದು ದೊಡ್ಡ ನಗರದ ಅಭಿಮಾನಿಗೆ ಗೊತ್ತಾಗುತ್ತಿರಲಿಲ್ಲ. ಆ ಬೀಗ ತೆಗೆದವರು ಅಲನ್ ಸಿಂಪ್ಸನ್ ಎಂಬ ಕೆನಡಾದ ಪತ್ರಕರ್ತ. ಅವರು ಮನೆಯ ಗ್ಯಾರೇಜಿನಲ್ಲಿ ಶುರುಮಾಡಿದ ಪತ್ರಿಕೆಯೇ ಬೇಸ್‌ಬಾಲ್ ಅಮೆರಿಕ. ಅದರ ವರದಿಗಾರರು ಸ್ಕೌಟ್‌ಗಳಿಗೂ ಮೈನರ್ ತಂಡಗಳ ವ್ಯವಸ್ಥಾಪಕರಿಗೂ ಫೋನ್ ಮಾಡಿ, ಕೇಳಿದ್ದನ್ನು ತೂಗಿ ಬರೆಯುತ್ತಿದ್ದರು. 1990ರಲ್ಲಿ ಪತ್ರಿಕೆ ಮೊದಲ ಬಾರಿಗೆ ನೂರು ಹೆಸರುಗಳ ಪಟ್ಟಿ ಪ್ರಕಟಿಸಿತು. ಅಟ್ಲಾಂಟಾದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವ, ಸ್ಟೀವ್ ಏವರಿ ಮೊದಲನೆಯವನಾಗಿದ್ದ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಈ ಇಡೀ ಉದ್ಯೋಗ ನಿಂತಿರುವುದೇ ಆ ನಂಬಿಕೆಯ ಮೇಲೆ. 1992ರ ಪಟ್ಟಿಯಲ್ಲಿ ಮೊದಲಿಗನಾಗಿದ್ದ ಬ್ರೈನ್ ಟೇಲರ್‌ಗೆ ಯಾಂಕೀಸ್ ತಂಡ 15.5 ಲಕ್ಷ ಡಾಲರ್ ಕೊಟ್ಟಿತ್ತು. ಭುಜದ ಗಾಯದಿಂದಾಗಿ ಆತ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. 1988ರ ಡ್ರಾಫ್ಟ್‌ನಲ್ಲಿ 62ನೆಯ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದ, 1,390ನೆಯವನಾಗಿ ಆಯ್ಕೆಯಾದ ಮೈಕ್ ಪಿಯಾಜಾ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ವೆನೆಜುವೆಲಾದ ಹೋಸೆ ಆಲ್ಟೂವೆ ತೀರ ಕುಳ್ಳ ಎಂದು ಆಯ್ಕೆ ಶಿಬಿರದವರು ಮೊದಲ ದಿನವೇ ಮನೆಗೆ ಕಳಿಸಿದ್ದರು. ಅಪ್ಪನ ಮಾತಿನಂತೆ ಮರುದಿನ ಮತ್ತೆ ಹೋಗಿ ನಿಂತ ಆ ಹುಡುಗನಿಗೆ ಹ್ಯೂಸ್ಟನ್ ತಂಡ 15,000 ಡಾಲರ್ ಕೊಟ್ಟಿತು. 2017ರಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರನಾದ ಆಲ್ಟೂವೆ ಬೇಸ್‌ಬಾಲ್ ಅಮೆರಿಕದ ನೂರರಲ್ಲಿ ಒಮ್ಮೆಯೂ ಇರಲಿಲ್ಲ.

ಬಿಡಿ ಆಟಗಾರರ ಕಥೆ ಹೀಗಾದರೆ, ಇಡೀ ತಂಡದ ಹೊಲಕ್ಕೇ ಅಂಕೆ ಬಿದ್ದಾಗ ಏನಾಯಿತು ಎಂಬುದನ್ನು ನೋಡಲು ಕಾನ್ಸಾಸ್ ಸಿಟಿಗಿಂತ ಒಳ್ಳೆಯ ಊರಿಲ್ಲ.

ಕಾನ್ಸಾಸ್ ಸಿಟಿ ರಾಯಲ್ಸ್ 1985ರಲ್ಲಿ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಮೇಲೆ ನಾಕೌಟ್ ಹಂತವನ್ನೇ ಕಂಡಿರಲಿಲ್ಲ. 2006ರಲ್ಲಿ ಡೇಟನ್ ಮೂರ್ ಜನರಲ್ ಮ್ಯಾನೇಜರ್ ಆಗಿ ಬಂದು ಸ್ಕೌಟಿಂಗ್‌ಗೂ ಡ್ರಾಫ್ಟ್‌ಗೂ ಹಣ ಸುರಿದರು. 2007ರಲ್ಲಿ ಎರಡನೆಯ ಆಯ್ಕೆಯಾಗಿ ಮೈಕ್ ಮುಸ್ಟಾಕಸ್, 2008ರಲ್ಲಿ ಮೂರನೆಯ ಆಯ್ಕೆಯಾಗಿ ಎರಿಕ್ ಹಾಸ್ಮರ್, 2010ರಲ್ಲಿ ನಾಲ್ಕನೆಯ ಆಯ್ಕೆಯಾಗಿ ಕ್ರಿಶ್ಚಿಯನ್ ಕೊಲೋನ್ ಬಂದರು. 2010ರಲ್ಲಿ ಮುಸ್ಟಾಕಸ್ ಮೈನರ್ ಲೀಗ್‌ಗಳಲ್ಲಿ 36 ಹೋಮ್ ರನ್ ಹೊಡೆದ. ಡಬಲ್-ಎ ಮೆಟ್ಟಿಲಿನ ನಾರ್ತ್‌ವೆಸ್ಟ್ ಆರ್ಕನ್ಸಾ ತಂಡ ಟೆಕ್ಸಸ್ ಲೀಗ್ ಗೆದ್ದಿತು. 2011ರ ಆರಂಭದಲ್ಲಿ ಬೇಸ್‌ಬಾಲ್ ಅಮೆರಿಕದ ಪಟ್ಟಿ ಬಂದಾಗ ನೂರರಲ್ಲಿ ಒಂಬತ್ತು ಹೆಸರು ರಾಯಲ್ಸ್‌ನವು. ಒಂದೇ ತಂಡದ ಅಷ್ಟು ಮಂದಿ ಅದಕ್ಕೆ ಮೊದಲು ಆ ಪಟ್ಟಿಯಲ್ಲಿ ಬಂದಿರಲಿಲ್ಲ. ಹಾಸ್ಮರ್ 8, ಮುಸ್ಟಾಕಸ್ 9, ವಿಲ್ ಮಾಯರ್ಸ್ 10, ಪಿಚರ್‌ಗಳಾದ ಜಾನ್ ಲ್ಯಾಂಬ್ 18, ಮೈಕ್ ಮಾಂಟ್‌ಗೊಮರಿ 19. ಕೊಲೋನ್, ಡ್ಯಾನಿ ಡಫಿ, ಜೇಕ್ ಒಡರೀಜಿ, ಕ್ರಿಸ್ ಡ್ವಯರ್ ಉಳಿದವರು. ಕಾಲು ಶತಮಾನ ಸೋಲು ನೋಡಿದ ಊರಿಗೆ ಆ ಪಟ್ಟಿ ಹಬ್ಬದ ಕರೆಯೋಲೆಯಂತೆ ಬಂತು.

ನಾಲ್ಕು ವರ್ಷಗಳಲ್ಲಿ ಆ ಒಂಬತ್ತು ಹೆಸರುಗಳು ಚದುರಿದವು. ಲ್ಯಾಂಬ್ ಅದೇ ವರ್ಷ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ, ಹಳೆಯ ಎಸೆತ ಮತ್ತೆ ಮರಳಲಿಲ್ಲ. ಡ್ವಯರ್ ಮೇಜರ್ ಲೀಗ್‌ನಲ್ಲಿ ಆಡಿದ್ದು ಎರಡೇ ಪಂದ್ಯ. ಮಾಯರ್ಸ್, ಒಡರೀಜಿ, ಮಾಂಟ್‌ಗೊಮರಿ ಮೂವರನ್ನೂ 2012ರ ಡಿಸೆಂಬರ್‌ನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಎಂಬ ಪಿಚರ್‌ಗಳನ್ನು ತಂದರು. ಭವಿಷ್ಯವನ್ನು ಮಾರಿದರು ಎಂದು ಆಗ ಬಹಳ ಜನ ಬರೆದರು. 2014ರಲ್ಲಿ ರಾಯಲ್ಸ್ ವರ್ಲ್ಡ್ ಸೀರೀಸ್ ಮುಟ್ಟಿ ಏಳನೆಯ ಪಂದ್ಯದಲ್ಲಿ ಸೋತರು. 2015ರ ಜುಲೈನಲ್ಲಿ ಲ್ಯಾಂಬ್ ಸೇರಿದಂತೆ ಮೂವರನ್ನು ಸಿನ್ಸಿನಾಟಿಗೆ ಕೊಟ್ಟು ಜಾನಿ ಕ್ವೆಟೊನನ್ನು ಪಡೆದರು. ಆ ಅಕ್ಟೋಬರ್‌ನ ವರ್ಲ್ಡ್ ಸೀರೀಸ್‌ನ ಎರಡನೆಯ ಪಂದ್ಯವನ್ನು ಕ್ವೆಟೊ ಒಬ್ಬನೇ ಒಂಬತ್ತೂ ಇನ್ನಿಂಗ್ಸ್ ಎಸೆದು ಗೆಲ್ಲಿಸಿದ.

2015ರ ನವೆಂಬರ್ 1, ನ್ಯೂಯಾರ್ಕ್, ಐದನೆಯ ಪಂದ್ಯ. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ರಾಯಲ್ಸ್ ಒಂದು ರನ್ ಹಿಂದೆ, ಮೂರನೆಯ ಬೇಸ್‌ನಲ್ಲಿ ಹಾಸ್ಮರ್, ಬ್ಯಾಟ್ ಹಿಡಿದವನು ಸಾಲ್ವಡಾರ್ ಪೆರೆಜ್. ಪೆರೆಜ್ ಹೊಡೆದ ಚೆಂಡು ನೆಲಕ್ಕೆ ಬಡಿದು ಮೂರನೆಯ ಬೇಸ್‌ನವನ ಕೈಸೇರಿತು. ಅವನು ಅದನ್ನು ಮೊದಲ ಬೇಸ್‌ಗೆ ಎಸೆದ ಕ್ಷಣದಲ್ಲಿ ಹಾಸ್ಮರ್ ರನ್ನಿಗಾಗಿ ಹೋಮ್ ಪ್ಲೇಟ್‌ನತ್ತ ನುಗ್ಗಿದ. ಎದುರಾಳಿ ಮೆಟ್ಸ್ ತಂಡದ ಮೊದಲ ಬೇಸ್‌ನಲ್ಲಿದ್ದ ಲೂಕಸ್ ಡ್ಯೂಡಾನ ಎಸೆತ ನೆಚ್ಚುವಂಥದ್ದಲ್ಲ ಎಂದು ರಾಯಲ್ಸ್‌ನ ಸ್ಕೌಟ್‌ಗಳು ಮೊದಲೇ ವರದಿ ಕೊಟ್ಟಿದ್ದರು. ಡ್ಯೂಡಾ ಎಸೆದ ಚೆಂಡು ಕ್ಯಾಚರ್‌ನಿಂದ ದೂರ ಹಾರಿತು, ಪಂದ್ಯ ಸಮವಾಯಿತು. ಹನ್ನೆರಡನೆಯ ಇನ್ನಿಂಗ್ಸ್‌ನಲ್ಲಿ ಮುನ್ನಡೆಯ ರನ್ ತಂದವನು ಕೊಲೋನ್. ನಾಲ್ಕನೆಯ ಆಯ್ಕೆಯಾಗಿ ಬಂದು, ಪಟ್ಟಿಗಳಿಂದ ಜಾರಿ, ಬೆಂಚಿನ ಮೇಲೆ ಕುಳಿತಿದ್ದ ಅವನಿಗೆ ಆ ವರ್ಷದ ನಾಕೌಟ್‌ನಲ್ಲಿ ಅದೇ ಮೊದಲ ಬ್ಯಾಟಿಂಗ್ ಅವಕಾಶ. ರಾಯಲ್ಸ್ ವರ್ಲ್ಡ್ ಸೀರೀಸ್ ಗೆದ್ದರು. ಸರಣಿಯ ಶ್ರೇಷ್ಠನೆನಿಸಿದ್ದು ಪೆರೆಜ್. 2011ರ ಆ ಒಂಬತ್ತರಲ್ಲಿ ಅವನ ಹೆಸರಿರಲಿಲ್ಲ.

ಹಾಗಾದರೆ ಪಟ್ಟಿ ಸುಳ್ಳಾಯಿತೇ? ಇಲ್ಲ. ಆ ಹೊಲ ನಿಜಕ್ಕೂ ಸಮೃದ್ಧವಾಗಿತ್ತು, ಪಟ್ಟಿ ಅದನ್ನು ಸರಿಯಾಗಿಯೇ ಕಂಡಿತ್ತು. ಯಾವ ಗಿಡ ಫಲ ಕೊಡುತ್ತದೆ, ಯಾವುದನ್ನು ಕೊಟ್ಟು ಇನ್ನೇನು ತರಬಹುದು ಎಂಬುದನ್ನು ಮಾತ್ರ ಅದು ಹೇಳಿರಲಿಲ್ಲ. ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ಆದರೆ ಅದೇ ಹೊತ್ತಿಗೆ ಬೇರೆ ಪಾಠವೊಂದು ಲೀಗ್‌ನಲ್ಲಿ ಹರಡತೊಡಗಿತ್ತು. ಸೋತಷ್ಟೂ ಡ್ರಾಫ್ಟ್‌ನಲ್ಲಿ ಮೊದಲ ಸರದಿ, ಸರದಿಯಿಂದ ಪಟ್ಟಿಯಲ್ಲಿ ಎತ್ತರದ ಜಾಗ, ಅದರಿಂದ ಅಭಿಮಾನಿಗಳ ಸಹನೆ. ಹ್ಯೂಸ್ಟನ್ 2011ರಿಂದ ಮೂರು ವರ್ಷ ಸತತವಾಗಿ ನೂರಕ್ಕೂ ಹೆಚ್ಚು ಪಂದ್ಯ ಸೋತು, 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಮೇಲಿನ ತಂಡ ಸೋಲುತ್ತಿರುವಾಗ ಕೆಳಗಿನ ಪಟ್ಟಿ ತೋರಿಸಿ ಸಮಾಧಾನ ಹೇಳುವುದು ಹಲವು ಊರುಗಳಲ್ಲಿ ರೂಢಿಯಾಯಿತು. ಟಿಕೆಟ್ ಕೊಂಡವನು ಎದುರಿಗಿರುವ ಆಟ ಬಿಟ್ಟು ಐದು ವರ್ಷದ ಆಚೆಯದಕ್ಕೆ ಕಾಯಬೇಕಾಗಿ ಬಂದದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಮೊದಲ ಆರು ಸರದಿಗಳನ್ನು ಲಾಟರಿ ಎತ್ತಿ ಹಂಚುವ ಕ್ರಮ 2023ರ ಡ್ರಾಫ್ಟ್‌ನಿಂದ ಜಾರಿಗೆ ಬಂದಿದೆ.

ಮೈದಾನಗಳಿಗೆ ಕ್ಯಾಮೆರಾಗಳೂ ರಾಡಾರ್‌ಗಳೂ ಬಂದವು. ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ವೇಗದಲ್ಲಿ ಸಿಡಿಯಿತು ಎಲ್ಲವೂ ಕಚೇರಿಯ ಪರದೆಯ ಮೇಲೆ ಸಿಗತೊಡಗಿತು. ಹಲವು ತಂಡಗಳು ಸ್ಕೌಟ್‌ಗಳನ್ನು ಕಡಿಮೆ ಮಾಡಿದವು. ಕೋವಿಡ್ ಬಂದ 2020ರಲ್ಲಿ ಡ್ರಾಫ್ಟ್ ಐದೇ ಸುತ್ತಿಗೆ ಮುಗಿಯಿತು. ಮರುವರ್ಷದಿಂದ 20 ಸುತ್ತು. ಮೈನರ್ ತಂಡಗಳು 160ರಿಂದ 120ಕ್ಕೆ ಇಳಿದವು. ಪಿಯಾಜಾನನ್ನು ಆರಿಸಿದ 62ನೆಯ ಸುತ್ತು ಈಗ ಇಲ್ಲ.

ಇನ್ನು ಒಪ್ಪಂದದ ಮಾತು. ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿದ ಮೇಲಷ್ಟೇ ಆಟಗಾರ ತನಗೆ ಬೇಕಾದ ತಂಡ ಸೇರಬಹುದು. ಒಂದು ವರ್ಷದ ಸೇವೆ ಎಂದರೆ 172 ದಿನ. 2015ರಲ್ಲಿ ಪಟ್ಟಿಯ ಮೊದಲಿಗನಾಗಿದ್ದ ಕ್ರಿಸ್ ಬ್ರಯಂಟ್‌ನನ್ನು ಶಿಕಾಗೊ ಕಬ್ಸ್ ಏಪ್ರಿಲ್ 17ರಂದು ಮೇಲೆ ಕರೆಸಿತು; ಆ ವರ್ಷ ಅವನ ಖಾತೆಗೆ ಬಿದ್ದದ್ದು 171 ದಿನ. ಒಂದು ದಿನ ಕಡಿಮೆಯಾದ್ದರಿಂದ ತಂಡಕ್ಕೆ ಅವನು ಇನ್ನೊಂದು ವರ್ಷ ಸಿಕ್ಕ. ಬ್ರಯಂಟ್ ದೂರು ಕೊಟ್ಟ, 2020ರಲ್ಲಿ ತೀರ್ಪು ಅವನ ವಿರುದ್ಧ ಬಂತು. ನಿಯಮ ಮುರಿದವರು ಯಾರೂ ಇರಲಿಲ್ಲ. ನಿಯಮವೇ ಹಾಗಿತ್ತು.

ಅದಕ್ಕೆ ಪರಿಹಾರವೆಂದು 2022ರ ಒಪ್ಪಂದ ತಂಡಗಳಿಗೆ ಒಂದು ಆಮಿಷ ಇಟ್ಟಿತು. ಭರವಸೆಯ ಹುಡುಗನನ್ನು ಋತುವಿನ ಆರಂಭದಲ್ಲೇ ಮೇಲೆ ತಂದು ಪೂರ್ಣ ವರ್ಷ ಉಳಿಸಿಕೊಂಡು, ಅವನು ವರ್ಷದ ಶ್ರೇಷ್ಠ ಹೊಸಬನಂಥ ಪ್ರಶಸ್ತಿ ಗೆದ್ದರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಸರದಿ. ಆ ವರ್ಷವೇ ಸಿಯಾಟಲ್‌ನ ಹೂಲಿಯೊ ರೊಡ್ರಿಗಸ್ ಪ್ರಶಸ್ತಿ ಗೆದ್ದ. ಅವನ ತಂಡಕ್ಕೆ 2023ರ ಡ್ರಾಫ್ಟ್‌ನ 29ನೆಯ ಸರದಿ ಬಂತು. ಯಾರು ಭರವಸೆಯ ಹುಡುಗ ಎಂದು ತೀರ್ಮಾನಿಸಲು ಒಪ್ಪಂದ ನೆಚ್ಚಿಕೊಂಡದ್ದು ಬೇಸ್‌ಬಾಲ್ ಅಮೆರಿಕ, ಎಂಎಲ್‌ಬಿ ಪೈಪ್‌ಲೈನ್, ಇಎಸ್‌ಪಿಎನ್‌ಗಳ ಪಟ್ಟಿಗಳನ್ನು. ಮೂರರಲ್ಲಿ ಎರಡರ ನೂರರೊಳಗೆ ಹೆಸರಿರಬೇಕು.

ಗ್ಯಾರೇಜಿನಲ್ಲಿ ಹುಟ್ಟಿದ ಪತ್ರಿಕೆ ಓದುಗನಿಗಾಗಿ ಮಾಡಿದ ಎಣಿಕೆ ಹೀಗೆ ಸಂಬಳದ ಕಾಗದಪತ್ರದೊಳಗೆ ಸೇರಿತು. ಪಟ್ಟಿ ಮಾಡುವವರು ಇದನ್ನು ಕೇಳಿಕೊಂಡಿರಲಿಲ್ಲ. ಅಂಕೆಯ ಕೆಳಗೆ ಅವರು ಬರೆಯುವ ವಿವರಣೆ, ‘ಮೊಣಕೈ ನೋಡಬೇಕು’, ‘ಇನ್ನೊಂದು ವರ್ಷ ಕಾಯಬೇಕು’ ಎಂಬಂಥ ಎಚ್ಚರಿಕೆ, ಯಾವುದೂ ಒಪ್ಪಂದದೊಳಗೆ ಬರುವುದಿಲ್ಲ. ಅಲ್ಲಿಗೆ ಬೇಕಾದದ್ದು ನೂರರ ಒಳಗೋ ಹೊರಗೋ ಎಂಬುದಷ್ಟೇ.

ಹೊರಗಿರುವವರ ಸಂಖ್ಯೆಯೇ ದೊಡ್ಡದು. ಅಮೆರಿಕದ ನೆಲದಲ್ಲಿ ಒಂದು ತಂಡ ಈಗ 165 ಮೈನರ್ ಆಟಗಾರರನ್ನು ಇಟ್ಟುಕೊಳ್ಳಬಹುದು. ಮೊದಲು 180 ಇತ್ತು. 2022ರಲ್ಲಿ ಅವರೆಲ್ಲ ಆಟಗಾರರ ಸಂಘ ಸೇರಿದರು. ಮರುವರ್ಷದ ಮೊದಲ ಒಪ್ಪಂದ ಸಿಂಗಲ್-ಎ ಮೆಟ್ಟಿಲಿನ ಕನಿಷ್ಠ ವಾರ್ಷಿಕ ಸಂಬಳವನ್ನು 11,000 ಡಾಲರ್‌ನಿಂದ 26,200ಕ್ಕೆ, ಟ್ರಿಪಲ್-ಎ ಸಂಬಳವನ್ನು 17,500ರಿಂದ 35,800ಕ್ಕೆ ಏರಿಸಿತು. ಆ ಏರಿಕೆ ಪಟ್ಟಿಯಲ್ಲಿ ಇದ್ದವನಿಗೂ ಇಲ್ಲದವನಿಗೂ ಒಂದೇ. ಪಟ್ಟಿಗಳಿಂದ ಹೊರಗಿರುವ ಹುಡುಗನನ್ನು ಏಪ್ರಿಲ್‌ನಲ್ಲಿ ಮೇಲೆ ಕರೆಸಿದರೆ ಮಾತ್ರ, ಅವನು ಎಂಥ ಪ್ರಶಸ್ತಿ ಗೆದ್ದರೂ ತಂಡಕ್ಕೆ ಹೆಚ್ಚುವರಿ ಸರದಿ ಇಲ್ಲ. ಆಲ್ಟೂವೆಯನ್ನೂ ಪೆರೆಜ್‌ನನ್ನೂ ಈಗಿನ ನಿಯಮ ಅಲ್ಲೇ ನಿಲ್ಲಿಸುತ್ತಿತ್ತು.