ಮೀನ್ ಬೇರೆ, ಫೆನ್ ಬೇರೆ

‘ರೈಸ್ ಚೌಮೀನ್’ ಎಂಬ ಹೆಸರು ಮೆನು ಕಾರ್ಡುಗಳಲ್ಲಿ, ಅಡುಗೆ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಈ ಹೆಸರು ತಪ್ಪು. ಚೌಮೀನ್‌ನ ‘ಮೀನ್’ ಎಂದರೆ ಗೋಧಿಹಿಟ್ಟಿನ ನೂಡಲ್ಸ್. ಅಕ್ಕಿಯ ಎಳೆಗೆ ಚೀನೀ ಅಡುಗೆಮನೆಯಲ್ಲಿ ‘ಫೆನ್’ ಎಂಬ ಬೇರೆಯೇ ಪದವಿದೆ. ನಮಗೆ ಗೋಧಿಯದೂ ಶ್ಯಾವಿಗೆಯೇ, ಒರಳಲ್ಲಿ ಒತ್ತಿದ ಅಕ್ಕಿಯದೂ ಶ್ಯಾವಿಗೆಯೇ. ಅವರಿಗೆ ಹಾಗಲ್ಲ.

ಈ ‘ಮೀನ್’, ಬೀಜಿಂಗ್ ಕಡೆಯವರ ‘ಮಿಯೆನ್’, ದಕ್ಷಿಣ ಚೀನಾದ ಕ್ಯಾಂಟನೀಸ್ ನುಡಿಯವರ ‘ಮಿನ್’, ಎಲ್ಲವೂ ಒಂದೇ ಪದ. ಹಳೆಯ ಲಿಪಿಯಲ್ಲಿ ಅದರ ಎಡಕ್ಕೆ ಗೋಧಿಯ ಅಕ್ಷರ, ಬಲಕ್ಕೆ ಉಚ್ಚಾರ ತಿಳಿಸಲು ‘ಮುಖ’ ಎಂಬ ಅರ್ಥದ ಅಕ್ಷರ. 1950ರ ದಶಕದ ಲಿಪಿ ಸರಳೀಕರಣದಲ್ಲಿ ಗೋಧಿ ಬಿದ್ದುಹೋಗಿ, ಚೀನಾದ ಅಂಗಡಿ ಬೋರ್ಡುಗಳಲ್ಲಿ ಈಗ ಉಳಿದಿರುವುದು ಬರೀ ಮುಖ. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಗೋಧಿ ಹಾಗೇ ಇದೆ. ಈ ಪದಕ್ಕೆ ಹಿಟ್ಟು ಎಂಬ ಅರ್ಥವೂ ಉಂಟು. ಬ್ರೆಡ್ಡಿಗೆ ಅವರು ‘ಮಿಯೆನ್‌ಬಾವ್’ ಎನ್ನುವುದು ಅದಕ್ಕೇ. ‘ಫೆನ್’ ಅಕ್ಷರದ ಎಡಕ್ಕಿರುವುದು ಅಕ್ಕಿ, ಮೂಲಾರ್ಥ ಪುಡಿ. ಹೆಸರುಕಾಳಿನ ಪಿಷ್ಟದಿಂದ ಮಾಡುವ ಗಾಜಿನಂಥ ಎಳೆಯೂ ಫೆನ್ ಗುಂಪಿಗೇ ಸೇರುತ್ತದೆ.

ಇನ್ನು ‘ಚೌ’ ಎಂದರೆ ಕಾದ ಬಾಣಲೆಯಲ್ಲಿ ಬಾಡಿಸಿ ಹುರಿಯುವುದು. ಲೋಮೀನ್ ಎಂಬ ಇನ್ನೊಂದು ನೂಡಲ್ಸ್ ತಿನಿಸಿನ ‘ಲೋ’ ಎಂದರೆ ಎತ್ತಿ ಕಲಸುವುದು. ಎಳೆ ಅದೇ, ಕೆಲಸ ಬೇರೆ. (‘ಚೌಮೀನ್ ನೂಡಲ್ಸ್’ ಎಂದರೆ ನೂಡಲ್ಸ್ ಎರಡು ಸಲ ಬಂತು.) ‘ಹಕ್ಕಾ’ ಕೂಡ ಎಳೆಯ ಜಾತಿಯಲ್ಲ, ಒಂದು ಸಮುದಾಯದ ಹೆಸರು, ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಚೀನಿಯರ ಮೂಲಕ ನಮ್ಮ ಮೆನುಗಳಿಗೆ ಬಂತು.

ಚೌಮೀನ್ ಮಾಡುವವರು ಸೋಲುವುದು ನೀರಿನ ಪಸೆಯಿಂದ. 200 ಗ್ರಾಂ ಹಸಿ ಎಗ್ ನೂಡಲ್ಸನ್ನು ಪೂರ್ತಿ ಬೇಯುವ ಮೊದಲೇ, ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಬಸಿಯಬೇಕು. ತಣ್ಣೀರಲ್ಲಿ ತೊಳೆದು, ತಟ್ಟೆಯ ಮೇಲೆ ಹರಡಿ 15 ನಿಮಿಷ ಆರಲು ಬಿಟ್ಟು, ಒಂದು ಚಮಚ ಎಣ್ಣೆ ಸವರಬೇಕು. ಬಾಣಲೆ ಸಣ್ಣಗೆ ಹೊಗೆಯಾಡಿದ ಮೇಲೆ ಎಳೆ ಹಾಕಿ, ತಳ ಅಲ್ಲಲ್ಲಿ ಕೆಂಪಗಾಗುವವರೆಗೆ ಕೈ ಆಡಿಸದೆ ಬಿಡಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸನ್ನು ನಡುವೆ ಸುರಿಯದೆ, ಬಾಣಲೆಯ ಅಂಚಿಗೆ ಬಿಟ್ಟರೆ ಅದು ಚುರ್ರೆಂದು ಕಾದು ಘಮ ಬಿಡುತ್ತದೆ. ಮೊಳಕೆಕಾಳು ಕೊನೆಯ ಅರ್ಧ ನಿಮಿಷಕ್ಕೆ ಸಾಕು. ಮನೆಯ ಒಲೆಯಲ್ಲಿ ನಾಲ್ಕು ಜನರದ್ದನ್ನು ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ, ಎಳೆ ಹುರಿಯುವ ಬದಲು ತನ್ನದೇ ಹಬೆಯಲ್ಲಿ ಬೆಂದು ಮುದ್ದೆಯಾಗುತ್ತದೆ. ಲೋಮೀನ್‌ಗೆ ಇಷ್ಟು ಕಾವು ಬೇಡ: ತರಕಾರಿ, ಸಾಸ್ ಮೊದಲು ಕುದಿಯಲಿ, ಬೆಂದ ಎಳೆ ಕೊನೆಗೆ ಬೀಳಲಿ.

ಅಕ್ಕಿಯದನ್ನು ಹುರಿದರೆ ಅದಕ್ಕೂ ಹೆಸರಿದೆ, ಕ್ಯಾಂಟನೀಸ್‌ನಲ್ಲಿ ‘ಚೌ ಫನ್’ (ಫನ್ ಎಂದರೆ ಅದೇ ಫೆನ್). ಅದಕ್ಕೆ ಬಳಸುವ ಅಗಲ ಎಳೆಗೆ ಗ್ವಾಂಗ್‌ಝೌನ ಶಾಹೆ ಎಂಬ ಊರಿನ ಹೆಸರಂಟಿದೆ. ಗೋಧಿಯ ಎಳೆಯನ್ನು ಹಿಡಿದಿಡುವುದು ಗ್ಲುಟೆನ್ ಎಂಬ ಅಂಟು ಪ್ರೊಟೀನ್. ಅಕ್ಕಿಯಲ್ಲಿ ಅದಿಲ್ಲ, ಪಿಷ್ಟವೊಂದೇ ಅಂಟು. ಆದ್ದರಿಂದ ಒಣ ಎಳೆಯನ್ನು ಕುದಿಸದೆ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಬೇಕು: ಬೆರಳಿಗೆ ಸುತ್ತಿದರೆ ಬಾಗಬೇಕು, ಕಚ್ಚಿದರೆ ನಡುವೆ ಗಟ್ಟಿ ಸಿಗಬೇಕು. ಹಸಿಯದನ್ನು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬಿಗಿದು, ಬಿಡಿಸುವಾಗಲೇ ತುಂಡಾಗುತ್ತದೆ. ಸೌಟು ಹಾಕಿ ಕಲಕಲೂ ಬಾರದು, ಬಾಣಲೆಯನ್ನೇ ಎತ್ತಿ ಮಗುಚಬೇಕು.