ಗುಂಡು ತಡೆಯುವ ಫಲಕದಲ್ಲಿ ರೆಸಿನ್ ಕಡಿಮೆ ಏಕೆ?

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಶೆಡ್‌ಗಳಲ್ಲಿ ಫೈಬರ್ ಕೆಲಸ ಕಲಿತವರಿಗೆ ಸಿಗುವ ಮೊದಲ ಪಾಠವೆಂದರೆ, ನಾರು ರೆಸಿನ್‌ನಲ್ಲಿ, ಅಂದರೆ ನಾರುಗಳನ್ನು ಅಂಟಿಸಿ ಗಟ್ಟಿಯಾಗುವ ರಾಳದಲ್ಲಿ, ಪೂರ್ತಿ ನೆನೆಯಬೇಕು, ಪದರಗಳು ಎಂದೂ ಬಿಚ್ಚಬಾರದು. ಬಸ್ಸಿನ ಬಂಪರಿಗೂ ರಾಸಾಯನಿಕದ ಟ್ಯಾಂಕಿಗೂ ಅದು ಸರಿಯಾದ ಮಾತೇ. ಆದರೆ ನಗದು ಸಾಗಿಸುವ ವಾಹನದ ಬಾಗಿಲಿಗೆ ಗುಂಡುನಿರೋಧಕ ಫಲಕ ಬೇಕೆಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದು: ಅಲ್ಲಿ ಪದರಗಳು ಬಿಚ್ಚಿಕೊಳ್ಳಲೇಬೇಕು.

ಎಕೆ-47ರ ಗುಂಡು ಸುಮಾರು 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ 700 ಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತದೆ. ಅಂದರೆ ಸುಮಾರು 2,000 ಜೌಲ್ ಶಕ್ತಿ ಹೆಬ್ಬೆರಳ ಉಗುರಿಗಿಂತ ಚಿಕ್ಕ ಜಾಗಕ್ಕೆ ಒಮ್ಮೆಲೇ ಬಂದು ಬೀಳುತ್ತದೆ. ಅದನ್ನು ಅಗಲಕ್ಕೆ ಹರಡದೆ ಗತ್ಯಂತರವಿಲ್ಲ. ಅರಾಮಿಡ್ (ಕೆವ್ಲಾರ್‌ನಂಥ) ನಾರಿನಲ್ಲಿ ಹೊಡೆತದಿಂದ ಏಳುವ ಸೆಳೆತದ ಅಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್, ಅತ್ಯುನ್ನತ ಅಣುತೂಕದ ಪಾಲಿಎಥಿಲೀನ್ ನಾರಿನಲ್ಲಿ 10 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಓಡುವುದರಿಂದ, ಗುಂಡು ಮುಂದೆ ಸರಿಯುವಷ್ಟರಲ್ಲಿ ನಾರಿನ ಉದ್ದನೆಯ ಭಾಗವೊಂದು ಕೆಲಸಕ್ಕೆ ಇಳಿದಿರುತ್ತದೆ. ರೆಸಿನ್ ಹೆಚ್ಚಾದರೆ ಪದರಗಳು ಬಿಚ್ಚಿಕೊಳ್ಳದೆ, ನಾರು ಇದ್ದಲ್ಲೇ ಬಿಗಿದುಹೋಗಿ ಹಿಗ್ಗಲು ಅವಕಾಶವಿಲ್ಲದೆ ಕತ್ತರಿಸಿಹೋಗುತ್ತದೆ. ಕೈಯಿಂದ ಹಾಸಿದ ಗಾಜಿನ ನಾರಿನ ಫಲಕದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ರೆಸಿನ್ ಇರುವುದು ಸಾಮಾನ್ಯ. ಇಲ್ಲಿ ಶೇ 20ರ ಆಸುಪಾಸು ಸಾಕು.

ಗುಂಡು ಹೊಡೆಸಿಕೊಂಡ ಫಲಕವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಮುಂಭಾಗದ ಪದರಗಳಲ್ಲಿ ಪಂಚ್ ಹೊಡೆದಂಥ ನೇರ ತೂತು. ಅಲ್ಲಿಂದ ಹಿಂದಕ್ಕೆ ನಾರುಗಳು ಎಳೆದು ಹಿಂಜಿಕೊಂಡಿರುತ್ತವೆ, ಪದರಗಳ ನಡುವೆ ಬಿರುಕುಗಳು ಅಂಗೈ ಅಗಲಕ್ಕೆ ಹರಡಿರುತ್ತವೆ, ಹಿಂಬದಿ ಉಬ್ಬಿರುತ್ತದೆ. ಜಾಕೆಟ್‌ಗಳಲ್ಲಿ ಈ ಉಬ್ಬೂ ಅಪಾಯವೇ. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ (ಎನ್‌ಐಜೆ) ಮಾನದಂಡ, ಪರೀಕ್ಷೆಯಲ್ಲಿ ಜಾಕೆಟ್‌ನ ಹಿಂದೆ ಇಡುವ ಜೇಡಿಮಣ್ಣಿನಲ್ಲಿ 44 ಮಿಲಿಮೀಟರಿಗಿಂತ ಆಳವಾದ ಗುಳಿ ಬೀಳಗೊಡುವುದಿಲ್ಲ.

ಬೆಟಗೇರಿಯ ಮಗ್ಗದ ಮುಂದೆ ಕುಳಿತವರಿಗೆ ಇನ್ನೊಂದು ಸಂಗತಿ ಬೇಗ ತಿಳಿಯುತ್ತದೆ: ಹಾಸಿನ ಎಳೆ ಹೊಕ್ಕಿನ ಮೇಲೆ ಹತ್ತಿ ಇಳಿಯುವಾಗ ಡೊಂಕಾಗುತ್ತದೆ. ಹೊಡೆತ ಬಿದ್ದಾಗ ಆ ಡೊಂಕು ಮೊದಲು ನೇರವಾಗಬೇಕು, ಸೆಳೆತದ ಅಲೆಯೂ ಎಳೆಗಳು ಒಂದನ್ನೊಂದು ದಾಟುವ ಪ್ರತಿ ಕಡೆ ಅಷ್ಟಿಷ್ಟು ಹಿಂದಿರುಗುತ್ತದೆ. ಈ ಕಾರಣಕ್ಕೆ ಪಾಲಿಎಥಿಲೀನ್ ಫಲಕಗಳಲ್ಲಿ ನೇಯ್ಗೆಯನ್ನೇ ಬಿಟ್ಟು, ನೇರ ನಾರಿನ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಒತ್ತುತ್ತಾರೆ.

ಪಿಸ್ತೂಲಿನ ಗುಂಡಿಗೆ ಇಷ್ಟು ಸಾಕು. ಗಟ್ಟಿ ಉಕ್ಕಿನ ತಿರುಳಿರುವ ರೈಫಲ್ ಗುಂಡು ನಾರುಗಳನ್ನು ಸರಿಸಿ, ಕತ್ತರಿಸಿ ನುಗ್ಗುತ್ತದೆ. ಅದರ ಮೊನೆ ಮುರಿಯಲು ಮುಂದೆ ಸೆರಾಮಿಕ್ ಬೇಕು: ಅಲ್ಯೂಮಿನಾ ಅಗ್ಗ, ಆದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.9 ಗ್ರಾಂ, ಬೋರಾನ್ ಕಾರ್ಬೈಡ್ 2.5 ಗ್ರಾಂ, ಬೆಲೆ ಮಾತ್ರ ಬಹಳ ಮೇಲೆ. ಸೆರಾಮಿಕ್ ತಾನು ಪುಡಿಯಾಗುತ್ತ ಗುಂಡನ್ನು ಒಡೆಯುತ್ತದೆ, ಚೂರುಗಳನ್ನು ಹಿಂದಿನ ನಾರು ಹಿಡಿಯುತ್ತದೆ. ಒಮ್ಮೆ ಕೆಳಗೆ ಬಿದ್ದ ಸೆರಾಮಿಕ್ ಬಿಲ್ಲೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಹೊರಬಟ್ಟೆ ಅದನ್ನು ಮುಚ್ಚಿರುತ್ತದೆ. ಎಕ್ಸ್-ರೇ ತೆಗೆಯದೆ ಅದನ್ನು ಮತ್ತೆ ಬಳಕೆಗೆ ಕೊಡಬಾರದು.

ಗದಗದ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲುವ ವಾಹನಕ್ಕೆ ಯಾವ ನಾರು ಎಂಬುದನ್ನೂ ಯೋಚಿಸಬೇಕು. ಪಾಲಿಎಥಿಲೀನ್ ನೀರಿನ ಮೇಲೆ ತೇಲುವಷ್ಟು ಹಗುರ, ಆದರೆ ಸುಮಾರು 150 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಬಲ ಕುಗ್ಗುತ್ತದೆ. ಅರಾಮಿಡ್ ಕರಗುವುದಿಲ್ಲ, ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಸವೆಯುತ್ತದೆ. ಬಾಗಿಲಿನ ತಗಡಿನ ಒಳಗೆ ಆ ಭಯವಿಲ್ಲದ್ದರಿಂದ ನಾನು ಅಲ್ಲಿ ಅರಾಮಿಡ್‌ನ್ನೇ ಸೂಚಿಸುತ್ತೇನೆ, ತೂಕ ಸ್ವಲ್ಪ ಹೆಚ್ಚಾದರೂ ಸರಿ.