ಏರ್ ಕ್ಲೀನರ್ ಬಿಚ್ಚಿದರೆ ಟ್ರ್ಯಾಕ್ಟರ್ ಜಾಸ್ತಿ ಎಳೆಯುತ್ತಾ?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಜತ್ತ ತಾಲ್ಲೂಕಿನ ಗ್ಯಾರೇಜುಗಳಲ್ಲಿ ಇಂಜಿನ್‌ಗೆ ಹೋಗುವ ಗಾಳಿಯ ಧೂಳು ಸೋಸುವ ಏರ್ ಕ್ಲೀನರ್ ಬಗ್ಗೆ ಒಂದು ಮಾತು ಕೇಳಿಬರುತ್ತದೆ. "ಏರ್ ಕ್ಲೀನರ್ ತಗದು ಹಾಕ್ರಿ, ಗಾಡಿ ಹೆಂಗ ಎಳೀತೈತಿ ನೋಡ್ರಿ." ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರು ಹತ್ತಬೇಕಾದ ಡ್ರೈವರ್‌ಗೆ ಈ ಮಾತು ಹಿಡಿಸುವುದು ಸಹಜ. ಬಿಚ್ಚಿ ಓಡಿಸಿದವರು "ಫರಕ್ ಆತು" ಅಂತಲೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಫರಕ್ ಎಲ್ಲಿಂದ ಬಂತು ಅನ್ನುವುದು ಬೇರೆ ವಿಷಯ.

ಇಂಜಿನ್‌ಗೆ ಎಣ್ಣೆ, ಅಂದರೆ ಡೀಸೆಲ್, ಜಾಸ್ತಿ ಕೊಡುವುದು ಯಾವತ್ತೂ ಕಷ್ಟವಾಗಿರಲಿಲ್ಲ. ಪಂಪಿನ ಸ್ಕ್ರೂ ತಿರುವಿದರೆ ಆಯಿತು. ಕಷ್ಟ ಇರುವುದು ಗಾಳಿಯದ್ದು. ಒಂದು ಲೀಟರ್ ಡೀಸೆಲ್ ಪೂರ್ತಿ ಸುಡಬೇಕಾದರೆ ಕಡಿಮೆ ಅಂದರೂ 12 ಕಿಲೋ ಗಾಳಿ ಬೇಕು. ಅಂದರೆ ಸುಮಾರು 10 ಸಾವಿರ ಲೀಟರ್. ಅಷ್ಟು ಸಿಗದಿದ್ದರೆ ಎಣ್ಣೆ ಅರ್ಧಂಬರ್ಧ ಸುಟ್ಟು ಕರಿ ಹೊಗೆಯಾಗಿ ಹೋಗುತ್ತದೆ. ಪಂಪು ಜಾಸ್ತಿ ಮಾಡಿಸಿದ ಟ್ರ್ಯಾಕ್ಟರ್ ಹಿಂದೆ ಬೈಕಿನಲ್ಲಿ ಹೋದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ನಿಕೋಲಸ್ ಒಟ್ಟೊ ನಾಲ್ಕು ಸ್ಟ್ರೋಕಿನ ಇಂಜಿನ್ ಓಡಿಸಿದ್ದು 1876ರಲ್ಲಿ. ಆಮೇಲೆ ಬಂದ ಎಷ್ಟೋ ಕಾರು, ಬೈಕುಗಳ ಇಂಜಿನ್‌ನಲ್ಲಿ ಗಾಳಿಯ ವಾಲ್ವನ್ನು ತೆರೆಯಲು ಕ್ಯಾಮ್ (ತಿರುಗುತ್ತಾ ವಾಲ್ವನ್ನು ಒತ್ತುವ ಉಬ್ಬು) ಕೂಡ ಇರಲಿಲ್ಲ. ಪಿಸ್ಟನ್ ಕೆಳಗಿಳಿದಾಗ ಆಗುವ ಎಳೆತಕ್ಕೇ ವಾಲ್ವು ತೆರೆದುಕೊಳ್ಳಬೇಕಿತ್ತು. ನಿಧಾನಕ್ಕೆ ಓಡುವಾಗ ಇದು ನಡೆಯುತ್ತಿತ್ತು. ವೇಗ ಏರಿದಂತೆ ವಾಲ್ವು ತಡವಾಗಿ ತೆರೆದು ಗಾಳಿ ಸಾಲುತ್ತಿರಲಿಲ್ಲ. ಅದಕ್ಕೇ ಕ್ಯಾಮ್ ಬಂತು, ವಾಲ್ವು ದೊಡ್ಡದಾಯಿತು. 1912ರಲ್ಲಿ ಪ್ಯೂಜೊ ಕಂಪನಿಯ ರೇಸ್ ಕಾರಿನಲ್ಲಿ ಒಂದೊಂದು ಸಿಲಿಂಡರಿಗೆ ನಾಲ್ಕು ನಾಲ್ಕು ವಾಲ್ವು ಇದ್ದವು.

ಇದಕ್ಕಿಂತ ದೊಡ್ಡ ಯೋಚನೆ ಅಂದರೆ ಗಾಳಿಯನ್ನು ಒತ್ತಿ ತುಂಬುವುದು. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಸೈಲೆನ್ಸರಿನಿಂದ ಸುಮ್ನೆ ಹೊರಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ಚಕ್ರದಿಂದ ಗಾಳಿ ನೂಕುವುದು. ಅದೇ ಟರ್ಬೊ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಇಂಜಿನ್ ಒಂದನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಸಾಗಿಸಿ, ಗಾಳಿ ತೆಳ್ಳಗಿರುವ ಕಡೆಯೂ ಟರ್ಬೊ ಕೆಲಸ ಮಾಡುತ್ತದೆ ಅಂತ ತೋರಿಸಿದ. ನಮ್ಮ ರಸ್ತೆಗಳಲ್ಲಿ ಇವತ್ತು ಓಡುವ ಹೆಚ್ಚಿನ ಲಾರಿ, ಡೀಸೆಲ್ ಕಾರುಗಳಿಗೆ ಟರ್ಬೊ ಇದೆ.

ಈ ಎಲ್ಲದರ ನಡುವೆ ಹೊಲದಲ್ಲಿ ಬೇರೆಯೇ ತೊಂದರೆ ಇತ್ತು, ಧೂಳಿನದು. ನನ್ನ ಪ್ರಕಾರ ನಮ್ಮ ಕಡೆಯವರು ತಿಳಿದುಕೊಳ್ಳಬೇಕಾದ ಮುಖ್ಯ ವಿಷಯ ಇದೇ. ನಮ್ಮದೇ ಸಾಂಗ್ಲಿ ಜಿಲ್ಲೆಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಮನೆತನದ ಕಂಪನಿ ಮುಂದೆ ಡೀಸೆಲ್ ಇಂಜಿನ್‌ಗಳಿಗೆ ಹೆಸರಾಯಿತು. ಬಾವಿ ಪಕ್ಕ ನಿಂತಲ್ಲೇ ಓಡುವ ಇಂಜಿನ್‌ಗೆ ಅಷ್ಟು ಧೂಳು ಮುತ್ತುವುದಿಲ್ಲ. ಟ್ರ್ಯಾಕ್ಟರ್ ಹಾಗಲ್ಲ, ತಾನೇ ಎಬ್ಬಿಸಿದ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. 2.7 ಲೀಟರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತು ಓಡಿದರೆ ಆ ಒಂದು ನಿಮಿಷದಲ್ಲೇ ಎರಡು ಸಾವಿರ ಲೀಟರಿಗಿಂತ ಜಾಸ್ತಿ ಗಾಳಿ ನುಂಗುತ್ತದೆ. ಧೂಳಿನಲ್ಲಿರುವ ಸಣ್ಣ ಮರಳು ಸಿಲಿಂಡರಿನ ಒಳಗೋಡೆಯಾದ ಕಬ್ಬಿಣದ ಲೈನರಿಗಿಂತ ಗಟ್ಟಿ. ಅದು ಒಳಗೆ ಹೋದರೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ. ಪಿಸ್ಟನ್ ರಿಂಗು ಸವೆಯುತ್ತವೆ, ಇಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ, ನೀಲಿ ಹೊಗೆ ಬರುತ್ತದೆ. ಕೊನೆಗೆ "ಇಂಜನ್ ಕೆಲಸಕ್ಕ ಬಂತು" ಅನ್ನುತ್ತಾರೆ, ಅಂದರೆ ಬಿಚ್ಚಿ ರಿಪೇರಿ ಮಾಡಿಸಬೇಕು ಅಂತ.

ಅಮೆರಿಕದಲ್ಲಿ ಬುಲ್ ಟ್ರ್ಯಾಕ್ಟರ್ ಮಾರುತ್ತಿದ್ದ ಫ್ರಾಂಕ್ ಡೊನಾಲ್ಡ್‌ಸನ್‌ಗೂ ಯೂಟಾ ಕಡೆಯ ರೈತನೊಬ್ಬನಿಂದ ಇದೇ ದೂರು ಬಂತು. ಇಂಜಿನ್ ಬಾಳಿಕೆ ಬರುತ್ತಿಲ್ಲ ಅಂತ. ಅವನು 1915ರಲ್ಲಿ ತಂತಿಯ ಪಂಜರಕ್ಕೆ ಬಟ್ಟೆ ಸುತ್ತಿ ಗಾಳಿ ಹೋಗುವ ಬಾಯಿಗೆ ಕೂರಿಸಿದ. ಆಮೇಲೆ ಆಯಿಲ್ ಬಾತ್ ಬಂತು. ಇದರಲ್ಲಿ ನಡುವಿನ ಪೈಪಿನಿಂದ ಇಳಿದ ಗಾಳಿ ಬೌಲಿನ ಆಯಿಲ್ ಮೇಲೆ ಬಡಿದು ತಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರದ ಧೂಳು ತಿರುಗಲಾರದೆ ಆಯಿಲಿಗೆ ಬೀಳುತ್ತದೆ. ಉಳಿದದ್ದು ಆಯಿಲ್ ಹತ್ತಿದ ತಂತಿ ಜಾಳಿಗೆಗೆ ಅಂಟುತ್ತದೆ. ಇದು ನೂರಕ್ಕೆ 95ರಿಂದ 98 ಪಾಲು ಧೂಳು ಹಿಡಿಯುತ್ತದೆ. ಈಗಿನ ಕಾಗದದ ಫಿಲ್ಟರ್ 99ಕ್ಕಿಂತ ಜಾಸ್ತಿ.

ಈಗ ಆ ಫರಕಿನ ವಿಷಯಕ್ಕೆ ಬರೋಣ. ಚೊಕ್ಕಟ ಫಿಲ್ಟರ್ ಗಾಳಿಗೆ ಒಡ್ಡುವ ತಡೆ, ವಾತಾವರಣದ ಒತ್ತಡದ ನೂರರಲ್ಲಿ ಎರಡು-ಮೂರು ಪಾಲು ಅಷ್ಟೇ. ಅದನ್ನು ತೆಗೆದರೆ ಡ್ರೈವರಿನ ಕಾಲಿಗೆ ಗೊತ್ತಾಗುವಷ್ಟು ಏನೂ ಸಿಗುವುದಿಲ್ಲ. ಆದರೆ ಬಿಳಿಜೋಳದ ರಾಶಿ ಮಷಿನ್ ಓಡಿಸಿದ ದಿನ ಸಂಜೆ ಬಾನೆಟ್ ಮೇಲೆ ಗಾಳಿ ಮೊದಲು ಹೊಗುವ ಪ್ರಿ-ಕ್ಲೀನರ್ ತೆಗೆದು ನೋಡಿ. ಹೊಟ್ಟು ಜಾಳಿಗೆಯ ತುಂಬ ಮೆತ್ತಿರುತ್ತದೆ, ಕೆಳಗೆ ಬೌಲಿನ ಆಯಿಲ್ ಕೆಸರಾಗಿರುತ್ತದೆ. ಅಂಥದ್ದನ್ನು ಬಿಚ್ಚಿ ಎಸೆದಾಗ ಗಾಡಿ ಎಳೆಯದೆ ಇನ್ನೇನು ಮಾಡೀತು? ತೊಳೆದು ಹಾಕಿದ್ದರೂ ಅಷ್ಟೇ ಎಳೆಯುತ್ತಿತ್ತು. ಇನ್ನೊಂದು, ಕ್ಲೀನರ್ ಇಲ್ಲದಾಗ ಗಾಳಿ ಎಳೆಯುವ ಸದ್ದು ಜೋರಾಗಿ ಕೇಳುತ್ತದೆ. ಸದ್ದು ಜೋರಾದರೆ ಶಕ್ತಿಯೂ ಜಾಸ್ತಿ ಆದ ಹಾಗೆ ಅನಿಸುತ್ತದೆ, ಅಲ್ವಾ?

ಬಿಸಿಯೂ ಅಷ್ಟೇ ದೊಡ್ಡ ಲೆಕ್ಕ. ನಮ್ಮ ಬೇಸಿಗೆಯ 40 ಡಿಗ್ರಿ ಗಾಳಿಗೂ ರೇಡಿಯೇಟರ್ ಹಿಂದಿನ 60 ಡಿಗ್ರಿ ಗಾಳಿಗೂ ತೂಕದಲ್ಲಿ ನೂರಕ್ಕೆ ಆರು ಪಾಲು ವ್ಯತ್ಯಾಸ. ಬಿಸಿ ಗಾಳಿ ಹಗುರ, ಸಿಲಿಂಡರಿಗೆ ಸಿಗುವ ಆಮ್ಲಜನಕ ಕಡಿಮೆ. ಕ್ಲೀನರ್ ಬಿಚ್ಚಿ ಬಾನೆಟ್ ಒಳಗಿನ ಗಾಳಿಯನ್ನೇ ಕುಡಿಸಿದವರು ತಡೆ ತೆಗೆದು ಗಳಿಸಿದ್ದಕ್ಕಿಂತ ಜಾಸ್ತಿಯನ್ನು ಇಲ್ಲಿ ಕಳೆದುಕೊಳ್ಳುತ್ತಾರೆ.

2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಆ ದೊಡ್ಡ ಗಾಡಿಗಳಲ್ಲಿ ಟರ್ಬೊ ಈಗ ಸಾಮಾನ್ಯ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಮರಳಿನ ಕಣ ಬಡಿದರೆ ರೆಕ್ಕೆಯ ಅಂಚೇ ಸವೆದುಹೋಗುತ್ತದೆ. ಇಂಥ ಗಾಡಿಯಲ್ಲಿ ಕ್ಲೀನರ್ ಬಿಚ್ಚುವುದು ಹಳೆಯ ಗಾಡಿಗಿಂತ ದುಬಾರಿ ತಪ್ಪು.

ಧೂಳಿನ ಕೆಲಸದಲ್ಲಿ ಬೌಲನ್ನು ದಿನಾ ನೋಡಬೇಕು. ಆಯಿಲ್ ಗುರುತಿನವರೆಗೆ ಮಾತ್ರ ಇರಲಿ, ಜಾಸ್ತಿ ಹಾಕಿದರೆ ಇಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ತಿ ಜೋರಿನಲ್ಲಿ ಹೊಡೆಯಬೇಡಿ, ಕಾಗದ ತೂತು ಬೀಳುತ್ತದೆ. ಮುಖ್ಯವಾಗಿ, ಕ್ಲೀನರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪನ್ನು ಒಮ್ಮೆ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಕ್ಲಿಪ್ ಸಡಿಲಾಗಿದೆ, ಇಲ್ಲವೇ ರಬ್ಬರ್ ಸೀಳಿದೆ, ಇಲ್ಲವೇ ಫಿಲ್ಟರ್ ಸರಿಯಾಗಿ ಕೂತಿಲ್ಲ. ಅದನ್ನು ಸರಿ ಮಾಡದೆ ಆ ಗಾಡಿಯನ್ನು ಹೊಲಕ್ಕೆ ಇಳಿಸಬೇಡಿ.